ಬಾಯಿಲ್ಲದ ಕೂಸಿನ ಬಾಯಿ

ಕೆಂಗಲ್ಲಿನ ದನಗಳ ಜಾತ್ರೆಗೆ ಎತ್ತು ಕೊಳ್ಳಲು ಬಂದವನು ಮೊದಲು ಬೆಲೆ ಕೇಳುವುದಿಲ್ಲ. ಎತ್ತಿನ ಬಾಯಿ ಬಿಡಿಸಿ ನೋಡುತ್ತಾನೆ. ಎಡಗೈಯಲ್ಲಿ ಮೂಗುದಾರ ಹಿಡಿದು, ಬಲಗೈಯ ಬೆರಳುಗಳನ್ನು ತುಟಿಯ ಸಂದಿಗೆ ತೂರಿಸಿ, ಕೆಳದವಡೆಯನ್ನು ಬೆಳಕಿಗೆ ತಿರುಗಿಸಿ, ಎರಡು ಹಲ್ಲಿನದೋ ನಾಲ್ಕು ಹಲ್ಲಿನದೋ ಬಾಯಿಗೂಡಿದುದೋ ಎಂದು ಕ್ಷಣಮಾತ್ರದಲ್ಲಿ ಹೇಳಿಬಿಡುತ್ತಾನೆ. ನಾಲಗೆಯ ಮೇಲೆ ಗಾಯವಿದೆಯೆ, ವಸಡಿನಲ್ಲಿ ಬೊಕ್ಕೆಯ ಗುರುತಿದೆಯೆ ಎಂಬುದೂ ಆ ಒಂದೇ ನೋಟಕ್ಕೆ ಸಿಕ್ಕಿಬಿಡುತ್ತದೆ. ಹಳ್ಳಿಕಾರ್ ತಳಿಯ ಒಂದು ಜೊತೆಗೆ ಲಕ್ಷ ರೂಪಾಯಿ ಎಣಿಸಿಕೊಡಬೇಕಾದವನು ಅಷ್ಟನ್ನೂ ನೋಡದೆ ಇರುತ್ತಾನೆಯೆ?

ರಾಮನಗರವನ್ನು ದಾಟಿ ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣದ ಕಡೆಗೆ ಹೋಗುವವರಿಗೆ ಕೆಂಗಲ್ ಎಂದರೆ ಹನುಮಂತರಾಯನ ಗುಡಿ. ಕೆಂಪು ಕಲ್ಲಿನಿಂದ ಬಂದ ಹೆಸರು ಅದು. ಊರ ಹೆಸರನ್ನೂ ದೇವರ ಹೆಸರನ್ನೂ ಒಟ್ಟಿಗೆ ಹೊತ್ತ ಹನುಮಂತಯ್ಯನವರು 1952ರಲ್ಲಿ ಮುಖ್ಯಮಂತ್ರಿಗಳಾಗಿ ವಿಧಾನಸೌಧವನ್ನು ಕಟ್ಟಿಸಿದ ಮೇಲೆ ಆ ಹೆಸರು ನಾಡಿಗೆಲ್ಲ ಪರಿಚಿತವಾಯಿತು. ಸುತ್ತಣ ಹಳ್ಳಿಯವರು ಮಾತ್ರ ಇಂದಿಗೂ ‘ಅಯ್ಯನ ಗುಡಿ’ ಎಂದೇ ಹೇಳುತ್ತಾರೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಗುಡಿಯ ಸುತ್ತ ದನ ಕಟ್ಟುವ ವಾಡಿಕೆ.

2024ರ ಜನವರಿಯಲ್ಲಿ ಆ ಜಾತ್ರೆಗೆ ನಾನೂ ಹೋಗಿದ್ದೆ. ನನ್ನ ಮಗಳನ್ನು ಕೊಟ್ಟಿರುವ ಊರು ಅಲ್ಲಿಗೆ ಎರಡು ಮೈಲಿ. ಬೀಗರು ಹಳೆಯ ಕಾಲದ ಬೇಸಾಯಗಾರರು. ಆ ದಿನ ನಲವತ್ತು ಎತ್ತುಗಳ ಬಾಯಿಯನ್ನಾದರೂ ನೋಡಿದರು, ಒಂದನ್ನೂ ಕೊಳ್ಳಲಿಲ್ಲ. ಅವರ ಹೆಗಲ ಮೇಲೆ ನಮ್ಮಿಬ್ಬರ ಮೊಮ್ಮಗ, ಒಂದೂವರೆ ವರ್ಷದ ಕೂಸು, ಚನ್ನಪಟ್ಟಣದ ಒಂದು ಗಿಲಕಿಯನ್ನು ಕಚ್ಚುತ್ತ ಕುಳಿತಿದ್ದ. ಕಂಡವರೆಲ್ಲ ಕೆನ್ನೆ ಹಿಂಡಿದರು, ಮುತ್ತಿಟ್ಟರು. ಬತ್ತಾಸಿನ ಅಂಗಡಿಯವನು ಒಂದು ಬತ್ತಾಸನ್ನು ತಾನೇ ಅವನ ಬಾಯಿಗೆ ಹಾಕಿದ. ಬೀಗರ ಸಂತೋಷಕ್ಕೆ ಎಣೆಯಿರಲಿಲ್ಲ. ಮಗಳು ಮಾತ್ರ ಎರಡು ಸಲ ‘ಬಿಸಿಲು’ ಎಂದಳು. ಯಾರೂ ಕಿವಿಗೊಡಲಿಲ್ಲ, ನಾನೂ ಕೊಡಲಿಲ್ಲ.

ಐದನೆಯ ದಿನ ಮಗುವಿಗೆ ಜ್ವರ ಬಂದಿತು.

ಜ್ವರ ದೊಡ್ಡದೇನಲ್ಲ. ಆದರೆ ಮಗು ರಾಗಿ ಸರಿಯನ್ನು ತುಟಿಗೆ ಸೋಕಿಸಿದೊಡನೆ ಮುಖ ತಿರುಗಿಸಿತು. ಜೊಲ್ಲು ಎದೆಯ ತನಕ ಇಳಿಯಿತು. ಮೊಲೆಗೆ ಬಾಯಿಟ್ಟರೆ ಎರಡು ಸಲ ಚೀಪಿ, ಕಿಟಾರನೆ ಕಿರಿಚಿ, ಹಿಂದಕ್ಕೆ ಬಾಗಿಬಿಡುತ್ತಿದ್ದಿತು. ನೋಡಿದವರಿಗೆಲ್ಲ ಕಾರಣ ತಿಳಿದಿದ್ದಿತು, ಆದರೆ ಒಬ್ಬೊಬ್ಬರಿಗೆ ಒಂದೊಂದು. “ಹಲ್ಲು ಬತ್ತಾ ಐತೆ ಕಣವ್ವ, ಅದಕ್ಕೇಯ” ಎಂದರು ಪಕ್ಕದ ಮನೆಯವರು. ಹಲ್ಲು ಬರುವಾಗ ವಸಡು ನವೆಯುವುದೂ ಜೊಲ್ಲು ಸುರಿಯುವುದೂ ನಿಜ. ಆದರೆ ಮೈ ಕಾಯುವಂಥ ಜ್ವರ ಹಲ್ಲಿನಿಂದ ಬರುವುದಿಲ್ಲವೆಂದು ವೈದ್ಯರು ಎಷ್ಟು ಸಲ ಹೇಳಿದರೂ ಆ ನಂಬಿಕೆಗೆ ಮಾತ್ರ ಹಲ್ಲು ಬೀಳುವುದಿಲ್ಲ. ಬೀಗಿತ್ತಿಯವರು ಜಾತ್ರೆಯ ದೃಷ್ಟಿ ಎಂದು ಮೆಣಸಿನಕಾಯಿ ಇಳಿ ತೆಗೆದರು. ಬೀಗರು ‘ಉಷ್ಣ’ ಎಂದು ಒಂದು ಮಾತಿನಲ್ಲಿ ತೀರ್ಮಾನ ಮಾಡಿದರು. ಅಳಿಯನು ಜ್ವರದ ಔಷಧ ತಂದ. ಕುಡಿಸಿದುದನ್ನೆಲ್ಲ ಮಗು ಉಗುಳಿಬಿಟ್ಟಿತು. ಒಂದು ಹಗಲು, ಒಂದು ರಾತ್ರಿ ಹೀಗೆ ಕಳೆಯಿತು. ನಲವತ್ತು ಎತ್ತುಗಳ ಬಾಯಿ ನೋಡಿ ಬಂದ ಆ ಮನೆಯಲ್ಲಿ ಮಗುವಿನ ಬಾಯನ್ನು ಬಿಡಿಸಿ ನೋಡಬೇಕೆಂದು ಒಬ್ಬರಿಗೂ ತೋಚಲಿಲ್ಲ.

ಮರುದಿನ ರಾತ್ರಿ, ಮಗು ಅಳುತ್ತ ಬಾಯಿ ತೆರೆದಿದ್ದಾಗ, ಮಗಳು ಮೊಬೈಲಿನ ದೀಪವನ್ನು ಹಿಡಿದಳು. ನಾಲಗೆಯ ಅಂಚಿನಲ್ಲಿ, ಕೆನ್ನೆಯ ಒಳಗೆ, ಅಂಗುಳದ ಮೇಲೆ, ಕೆಂಪು ಅಂಚು ಕಟ್ಟಿದ ಹಳದಿ ಹುಣ್ಣುಗಳು! ಅವಳು ಎಣಿಸಲು ಹೊರಟು ಏಳಕ್ಕೆ ನಿಲ್ಲಿಸಿದಳು. ಬೆಳಗಾಗುವ ವೇಳೆಗೆ ಅಂಗೈಯಲ್ಲೂ ಅಂಗಾಲಿನಲ್ಲೂ ತೊಗರಿಕಾಳಿನ ಗಾತ್ರದ ಚುಕ್ಕೆಗಳೆದ್ದಿದ್ದುವು. ಬೀಗರು ಮಗುವಿನ ಅಂಗಾಲನ್ನು ನೋಡಿದರು, ಬಾಯನ್ನು ನೋಡಿದರು, ಒಂದು ಮಾತನ್ನೂ ಆಡದೆ ಎದ್ದು ಕೊಟ್ಟಿಗೆಗೆ ಹೋದರು.

ಅವರು ಹೋದ ಕಾರಣ ನನಗೆ ಆಮೇಲೆ ತಿಳಿಯಿತು. 2013ರಲ್ಲಿ ಕರ್ನಾಟಕದ ದಕ್ಷಿಣ ಜಿಲ್ಲೆಗಳ ಹಳ್ಳಿಹಳ್ಳಿಗಳನ್ನು ಕಾಲುಬಾಯಿ ಜ್ವರ ಹೊಕ್ಕಿತು. ಸಾವಿರಾರು ರಾಸುಗಳು ಸತ್ತುವು. ಬಾಯಿತುಂಬ ಹುಣ್ಣಾಗಿ, ದಾರದಂತೆ ಜೊಲ್ಲು ಸುರಿಸುತ್ತ, ಗೊರಸಿನ ಸಂದು ಕೊಳೆತು, ಮೇವಿನ ಮುಂದೆ ನಿಂತೂ ಮೇಯಲಾರದೆ ಅವರ ಎರಡು ಹಸುಗಳು ಆ ವರ್ಷ ಸತ್ತಿದ್ದುವು. ಈಗ ಮೊಮ್ಮಗನಿಗೆ ಬಾಯಿ, ಕಾಲು, ಜೊಲ್ಲು, ಜ್ವರ: ಒಂದೂ ತಪ್ಪದೆ ಅದೇ ಗುರುತು. ಜಾತ್ರೆಯಲ್ಲಿ ದನಗಳ ನಡುವೆ ಅವನನ್ನು ಹೊತ್ತು ತಿರುಗಿದವರು ತಾವು. ಅವರು ಕೊಟ್ಟಿಗೆಯಲ್ಲಿ ಒಬ್ಬರೇ ನಿಂತು ಹಸುಗಳ ಬಾಯಿಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದರು.

ಮಗಳ ಮನಸ್ಸು ಬೇರೆ ದಾರಿ ಹಿಡಿದಿದ್ದಿತು. 2022ರ ಮೇ ತಿಂಗಳಿನಲ್ಲಿ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಚಿಕ್ಕ ಮಕ್ಕಳಿಗೆ ಕೆಂಪು ಬೊಕ್ಕೆಗಳೇಳುವ ‘ಟೊಮೇಟೊ ಜ್ವರ’ ಬಂದಿತೆಂದು ಪತ್ರಿಕೆಗಳೆಲ್ಲ ಬರೆದುದು ಅವಳಿಗೆ ನೆನಪಿದ್ದಿತು. ಆ ಜುಲೈ ಕೊನೆಯ ಹೊತ್ತಿಗೆ ಅಲ್ಲಿ ಐದು ವರ್ಷದೊಳಗಿನ 82 ಮಕ್ಕಳಿಗೆ ಅದು ತಗಲಿದ್ದಿತು. ಕರ್ನಾಟಕದ ಗಡಿ ಜಿಲ್ಲೆಗಳಲ್ಲೂ ಆಗ ಎಚ್ಚರಿಕೆ ಸಾರಿದರು. ಹೊಸ ರೋಗವೊಂದು ಹುಟ್ಟಿತೆಂದು ಜನ ಹೆದರಿದರು. ಟೊಮೇಟೊ ಹಣ್ಣನ್ನೇ ಬಿಟ್ಟವರೂ ಉಂಟು! ಹಣ್ಣಿಗೂ ರೋಗಕ್ಕೂ ಇದ್ದ ಸಂಬಂಧ ಬೊಕ್ಕೆಯ ಬಣ್ಣ, ದುಂಡು ಮಾತ್ರ. ಕೇರಳಕ್ಕೆ ಹೋಗಿಬಂದ ಇಂಗ್ಲೆಂಡಿನ ಇಬ್ಬರು ಮಕ್ಕಳ ಬೊಕ್ಕೆಗಳನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಕಾಕ್ಸಾಕಿ ಎ16 ಎಂಬ ಹಳೆಯ ವೈರಸ್. ಎಂದರೆ ಕೈ-ಕಾಲು-ಬಾಯಿ ರೋಗ. ವೈದ್ಯರಿಗೆ 1957ರ ಟೊರಾಂಟೊ ನಗರದಿಂದ ಪರಿಚಯವಾಗಿದ್ದುದು, ನಮ್ಮ ದೇಶದಲ್ಲಿ 2003ರ ಕಲ್ಲಿಕೋಟೆಯಿಂದ. ಹಳೆಯ ಚೋರನಿಗೆ ಹೊಸ ಹೆಸರಿಟ್ಟು ಊರೆಲ್ಲ ನಡುಗಿದ ಹಾಗಾಯಿತು.

ಚನ್ನಪಟ್ಟಣದಲ್ಲಿ ಮಕ್ಕಳ ವೈದ್ಯೆಯೊಬ್ಬರಿದ್ದಾರೆ. ನಾವು ನಾಲ್ವರೂ ಅವರ ಮುಂದೆ ಕುಳಿತು ನಮ್ಮ ನಮ್ಮ ರೋಗದ ಹೆಸರುಗಳನ್ನು ಒಪ್ಪಿಸಿದೆವು. ಅವರು ಎಲ್ಲವನ್ನೂ ಕೇಳಿ, ಮಗಳ ಕಡೆಗೆ ತಿರುಗಿ, “ಕಡೆಯ ಸಲ ಉಚ್ಚೆ ಹೊಯ್ದದ್ದು ಯಾವಾಗ?” ಎಂದರು.

ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಆ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಮೂರನೆಯ ಜ್ವರದ ಹುಳುವಿಗೆ ಎಷ್ಟು ಹೊತ್ತಿಗೆ ಸೊಪ್ಪು ಹಾಕಿದರು, ಹುಳು ಎಷ್ಟನ್ನು ಉಳಿಸಿತು ಎಂದು ಕೇಳಿದ್ದರೆ ಗಳಿಗೆ ಸಹಿತ ಹೇಳುತ್ತಿದ್ದರು; ಹುಳುಮನೆಗೆ ಕಾಲು ತೊಳೆಯದೆ ಯಾರನ್ನೂ ಬಿಡುವವರಲ್ಲ. ಮಗುವಿನ ಲೆಕ್ಕ ಮಾತ್ರ ಯಾರ ಬಳಿಯೂ ಇರಲಿಲ್ಲ. ಮಗಳು ಬಹಳ ಯೋಚಿಸಿ, “ನಿನ್ನೆ ರಾತ್ರಿ ಊಟದ ಹೊತ್ತಿಗೆ” ಎಂದಳು. ಆಗ ಬೆಳಗಿನ ಹತ್ತು ಗಂಟೆ. ವೈದ್ಯೆ ಮಗುವಿನ ಕಣ್ಣುಗಳನ್ನು ನೋಡಿದರು; ಅಳುವಾಗ ನೀರು ಬರುತ್ತದೆಯೋ ಇಲ್ಲವೋ ನೋಡಿದರು; ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಿಂದ ಎತ್ತಿ ಬಿಟ್ಟರು. ಆಮೇಲೆ ದಾದಿಯನ್ನು ಕರೆದು, ಉಪ್ಪು-ಸಕ್ಕರೆಯ ದ್ರಾವಣವನ್ನು ತರಿಸಿ, ಸೂಜಿಯಿಲ್ಲದ ಪಿಚಕಾರಿಯೊಂದನ್ನು ಮಗಳ ಕೈಗೆ ಕೊಟ್ಟರು. ಕೆನ್ನೆಯ ಪಕ್ಕದಿಂದ, ಹುಣ್ಣಿಗೆ ಸೋಕದಂತೆ, ಒಂದೊಂದು ಚಮಚದಷ್ಟು. ಮಗು ಉಗುಳಿದರೆ ಐದು ನಿಮಿಷ ಬಿಟ್ಟು ಮತ್ತೆ. “ಊಟ ಮಾಡದಿದ್ದರೆ ಎರಡು ದಿನ ಪರವಾಗಿಲ್ಲ, ನೀರು ಬಿಟ್ಟರೆ ಆಗದು” ಎಂದರು. ನೋವಿಗೆ ತೂಕಕ್ಕೆ ತಕ್ಕಷ್ಟು ಪ್ಯಾರಸಿಟಮಾಲ್. ಕುಡಿಸುವುದಕ್ಕೆ ಅರ್ಧ ಗಂಟೆ ಮೊದಲು ಕೊಟ್ಟರೆ ನುಂಗಲು ಅನುಕೂಲ. ಆಸ್ಪಿರಿನ್ ಕೂಡದು. ಇಷ್ಟೇ ಚಿಕಿತ್ಸೆ.

ಅಳಿಯನಿಗೆ ಇದು ಸಮಾಧಾನವಾಗಲಿಲ್ಲ. ಒಂದು ಇಂಜೆಕ್ಷನ್ ಸಹ ಇಲ್ಲದ ಕಾಯಿಲೆಯೆ! ವೈರಸ್ಸಿಗೆ ಜೀವಿರೋಧಕ ಔಷಧಗಳು ತಟ್ಟುವುದಿಲ್ಲ, ಈ ವೈರಸ್ಸಿಗೆ ಬೇರೆ ಮದ್ದೂ ಇಲ್ಲ, ಏಳು ಅಥವಾ ಹತ್ತು ದಿನಗಳಲ್ಲಿ ಮೈಯೇ ಅದನ್ನು ಗೆಲ್ಲುತ್ತದೆ ಎಂದು ವೈದ್ಯೆ ತಾಳ್ಮೆಯಿಂದ ಹೇಳಿದರು. ಯಾವ ವೈರಸ್ ಎಂಬ ಪರೀಕ್ಷೆಯನ್ನೂ ಮಾಡಿಸಲಿಲ್ಲ. ಮಾಡಿಸಿದರೂ ಚಿಕಿತ್ಸೆ ಬೇರೆಯಾಗುತ್ತಿರಲಿಲ್ಲ. ಎಲ್ಲಿಂದ ಬಂದಿತು ಎಂಬ ಮಗಳ ಪ್ರಶ್ನೆಗೆ ಅವರು ನಕ್ಕರು. ಸೋಂಕು ತಗಲಿ ಮೂರರಿಂದ ಆರು ದಿನಕ್ಕೆ ರೋಗ ಕಾಣಿಸುತ್ತದೆ. ಜಾತ್ರೆಯ ಲೆಕ್ಕ ಹೊಂದುತ್ತದೆ. ಆದರೆ ಮುತ್ತಿಟ್ಟವರೋ, ಬತ್ತಾಸಿನ ಬೆರಳೋ, ಗಿಲಕಿಯನ್ನು ಹಂಚಿಕೊಂಡ ಇನ್ನೊಂದು ಮಗುವೋ, ಯಾರಿಗೆ ಗೊತ್ತು? ದೊಡ್ಡವರಲ್ಲಿ ಈ ವೈರಸ್ ಒಂದು ನೆಗಡಿಯಷ್ಟೂ ಸದ್ದು ಮಾಡದೆ ಬಂದು ಹೋಗುವುದುಂಟು.

ಬೀಗರು ಆ ತನಕ ಬಾಯಿ ಬಿಟ್ಟಿರಲಿಲ್ಲ. ಹೊರಡುವಾಗ ಮೆಲ್ಲನೆ, “ದನದಿಂದ ಬಂದದ್ದಲ್ಲವಾ ತಾಯಿ?” ಎಂದರು. ಅಲ್ಲವೆಂದು ವೈದ್ಯೆ ಹೇಳಿದಾಗ ಅವರು ನಂಬಿದರೋ ಇಲ್ಲವೋ, ಆ ಸಂಶಯ ನನ್ನನ್ನು ಮಾತ್ರ ಪುಸ್ತಕಗಳ ಕಡೆಗೆ ಎಳೆಯಿತು. ಅವರ ಭಯ ಪೂರ್ತಿ ಹುಚ್ಚಲ್ಲವೆಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಜರ್ಮನಿಯ ಲೋಫ್ಲರ್ ಮತ್ತು ಫ್ರಾಷ್ ಎಂಬಿಬ್ಬರು 1898ರಲ್ಲಿ ಕಾಲುಬಾಯಿ ಜ್ವರದ ದನಗಳ ಬೊಕ್ಕೆಯ ನೀರನ್ನು ಬ್ಯಾಕ್ಟೀರಿಯಗಳೂ ನುಸುಳಲಾರದ ಸೋಸುಕದಲ್ಲಿ ಹಾಯಿಸಿದರು. ಸೋಸಿದ ನೀರೂ ರೋಗವನ್ನು ತಂದಿತು. ಪ್ರಾಣಿಗಳಿಗೆ ರೋಗ ತರುವ ವೈರಸ್ ಒಂದು ಉಂಟೆಂದು ಲೋಕಕ್ಕೆ ತಿಳಿದುದು ಆಗಲೇ. ಆ ದನದ ವೈರಸ್ಸೂ ನಮ್ಮ ಮಗುವಿನ ವೈರಸ್ಸೂ ‘ಪಿಕಾರ್ನಾ’ ಎಂಬ ಒಂದೇ ಮನೆತನದವು. ಆದರೆ ಬಳಗ ಬೇರೆ, ಒಲೆ ಬೇರೆ. ದನದ್ದು ಮನುಷ್ಯನಿಗೆ ತಗಲುವುದು ಅತಿ ವಿರಳ, ಮಗುವಿನದು ಕೊಟ್ಟಿಗೆಗೆ ಹೋಗುವುದಿಲ್ಲ. ದಾಯಾದಿಗಳ ಮುಖಸಾಮ್ಯವನ್ನು ನೋಡಿ ಬೀಗರು ಮೋಸಹೋದರು, ಅಷ್ಟೆ.

ಕಾಕ್ಸಾಕಿ ಎಂಬುದೂ ಒಂದು ಊರು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹಡ್ಸನ್ ನದಿಯ ದಂಡೆಯ ಮೇಲಿದೆ. ಪೋಲಿಯೋ ಎಂದು ತೋರಿದ ಕಾಯಿಲೆಯಿದ್ದ ಇಬ್ಬರು ಮಕ್ಕಳ ಮಲದಿಂದ ಡಾಲ್‌ಡಾರ್ಫ್ ಎಂಬ ವಿಜ್ಞಾನಿ ಸಿಕಲ್ಸ್ ಎಂಬಾಕೆಯೊಂದಿಗೆ ಸೇರಿ ಈ ವೈರಸ್ಸನ್ನು ಬೇರ್ಪಡಿಸಿ 1948ರಲ್ಲಿ ಪ್ರಕಟಿಸಿದರು. ಬೆಳೆದ ಇಲಿಗಳಿಗೆ ಚುಚ್ಚಿದರೆ ಅದು ಏನೂ ಮಾಡಲಿಲ್ಲ. ಹಾಲು ಕುಡಿಯುವ ಮರಿಗಳಿಗೆ ಚುಚ್ಚಿದಾಗ ಅವು ಬಿದ್ದುಹೋದುವು. ಎಳೆಯವನ್ನೇ ಆರಿಸಿಕೊಳ್ಳುವ ಅದರ ಗುಣ ಹುಟ್ಟಿದಂದೇ ಹೊರಬಿದ್ದಿತೆನ್ನಬೇಕು. ಕೆಂಗಲ್ಲು ತನ್ನ ಹೆಸರನ್ನು ಒಬ್ಬ ಮುಖ್ಯಮಂತ್ರಿಗೆ ಕೊಟ್ಟಿತು. ಪಾಪ, ಆ ಊರಿನ ಹೆಸರು ಹೋಗಿ ಮಕ್ಕಳ ಬಾಯಿಹುಣ್ಣಿಗೆ ಅಂಟಿಕೊಂಡಿತು.

ಇಷ್ಟರಿಂದ ಈ ರೋಗವನ್ನು ಹಗುರವೆಂದು ಭಾವಿಸಬಾರದು. ನೂರಕ್ಕೆ ತೊಂಬತ್ತೈದು ಪಾಲಿಗೂ ಮಿಕ್ಕು ಅದು ಹಗುರವೇ. ಆದರೆ ಇದೇ ಲಕ್ಷಣಗಳನ್ನು ತೋರುವ ಎಂಟೆರೊವೈರಸ್ 71 ಎಂಬ ಇನ್ನೊಂದುಂಟು. 1998ರಲ್ಲಿ ತೈವಾನ್ ದ್ವೀಪದಲ್ಲಿ ಒಂದು ಲಕ್ಷ ಇಪ್ಪತ್ತೊಂಬತ್ತು ಸಾವಿರಕ್ಕೂ ಮೇಲ್ಪಟ್ಟು ಮಕ್ಕಳಿಗೆ ರೋಗ ಹರಡಿ, ಅದರಿಂದ 78 ಜನ ಸತ್ತರು. ಅದು ಕೆಲವರಲ್ಲಿ ಬಾಯಿಂದ ಮಿದುಳಿನ ಕಾಂಡಕ್ಕೆ ಹೋಗುತ್ತದೆ. ಆದ್ದರಿಂದ ವೈದ್ಯೆ ನಮಗೆ ಹೇಳಿ ಕಳಿಸಿದರು: ಮೂರು ದಿನ ಮೀರಿ ಜ್ವರ ಇಳಿಯದಿದ್ದರೆ, ಮಗು ನಿದ್ರೆಯಲ್ಲಿ ಬೆಚ್ಚಿ ಬೆಚ್ಚಿ ಕೈಕಾಲು ಅದುರಿಸಿದರೆ, ಬಿಡದೆ ವಾಂತಿ ಮಾಡಿದರೆ, ಎಬ್ಬಿಸಿದರೂ ಮಂಕಾಗಿ ಬಿದ್ದಿದ್ದರೆ, ಎಂಟು ಗಂಟೆಯಾದರೂ ಉಚ್ಚೆ ಕಾಣದಿದ್ದರೆ, ರಾತ್ರಿಯೆಂದು ನೋಡದೆ ಹೊರಟು ಬನ್ನಿ.

ಚಿಕ್ಕ ಮಗುವಿನ ಬಾಯಲ್ಲಿ ಹುಣ್ಣೆದ್ದರೆ ಎಲ್ಲವೂ ಇದೇ ಆಗಿರಬೇಕಿಲ್ಲ. ವಸಡೆಲ್ಲ ಊದಿ ಕೆಂಪಾಗಿ, ಮುಟ್ಟಿದರೆ ರಕ್ತ ಬಂದು, ತುಟಿಯ ಸುತ್ತಲೂ ಗುಳ್ಳೆಗಳೆದ್ದರೆ ಅದು ಪ್ರಾಯಶಃ ಹರ್ಪಿಸ್ ವೈರಸ್ಸಿನ ಮೊದಲ ದಾಳಿ. ತುಟಿಯ ಮೇಲೆ ‘ಜ್ವರದ ಗುಳ್ಳೆ’ ಎದ್ದಿರುವ ಹಿರಿಯರ ಮುತ್ತಿನಿಂದ ಅದು ಬರುತ್ತದೆ. ಎರಡು ವಾರ ಕಾಡುತ್ತದೆ. ಮೊದಲ ದಿನಗಳಲ್ಲೇ ತಿಳಿದರೆ ಔಷಧವುಂಟು. ಮೊಸರು ಮೆತ್ತಿದಂತೆ ಬಿಳುಪಾಗಿದ್ದು, ಒರೆಸಿದರೂ ಹೋಗದಿದ್ದರೆ ಅದು ಬೂಷ್ಟಿನ ಜಾತಿಯದು. ಕೆನ್ನೆಯ ಒಳಗೆ ಉಪ್ಪಿನ ಹರಳು ಚೆಲ್ಲಿದಂಥ ಚುಕ್ಕೆಗಳು ಬೇರೆ. 1896ರಲ್ಲಿ ಕಾಪ್ಲಿಕ್ ಎಂಬ ನ್ಯೂಯಾರ್ಕಿನ ಮಕ್ಕಳ ವೈದ್ಯ ಅವನ್ನು ದಡಾರದ ಮುನ್ಸೂಚನೆಯೆಂದು ತೋರಿಸಿಕೊಟ್ಟ. ಲಸಿಕೆ ಹಾಕಿಸಿದ ಮಕ್ಕಳ ಬಾಯಲ್ಲಿ ಇಂದು ಅವು ಕಾಣುವುದು ಅಪರೂಪ. ಇನ್ನು, ಎರಡು ವಾರವಾದರೂ ಮಾಯದ ಹುಣ್ಣು, ತಿಂಗಳು ತಿಂಗಳು ಮರುಕಳಿಸುವ ಹುಣ್ಣು, ಮಗು ತೂಕದಲ್ಲಿ ಏರದೆ ಇರುವಾಗಿನ ಹುಣ್ಣು: ಇವುಗಳಿಗೆ ರಕ್ತಪರೀಕ್ಷೆ ಅಗತ್ಯ. ಅಲ್ಲಿ ‘ಉಷ್ಣ’ ಎಂದು ಸುಮ್ಮನಿರುವುದು ತಪ್ಪು.

ಉಷ್ಣವೆಂಬ ಮಾತನ್ನು ನಾನು ಹಳಿಯುತ್ತಿಲ್ಲ. ನಮ್ಮ ಅಜ್ಜಿಯರು ಬಾಯಿಹುಣ್ಣಿಗೆ ಮಜ್ಜಿಗೆ, ಬೆಣ್ಣೆ, ಸೊಪ್ಪು, ಮೇಕೆಯ ಹಾಲು ಎಂದು ಹೇಳುತ್ತಿದ್ದುದರಲ್ಲಿ ಅನುಭವವಿದ್ದಿತು. ಕೂನೂರಿನ ಆಹಾರ ಸಂಶೋಧನಾಲಯದ ಏಕ್ರಾಯ್ಡ್ ಮತ್ತು ಕೃಷ್ಣನ್ ಎಂಬವರು 1936ರಲ್ಲಿ ದಕ್ಷಿಣ ಭಾರತದ ಬಡ ಮಕ್ಕಳ ಬಾಯಿಹುಣ್ಣನ್ನು ಅಭ್ಯಾಸ ಮಾಡಿ, ಅದಕ್ಕೆ ಬಿ2 ಜೀವಸತ್ತ್ವದ ಕೊರತೆಯೇ ಕಾರಣವೆಂದು ಹೇಳಿದರು. ಆ ಜೀವಸತ್ತ್ವ ಇರುವುದು ಹಾಲು-ಮಜ್ಜಿಗೆಗಳಲ್ಲಿ, ಸೊಪ್ಪಿನಲ್ಲಿ! ‘ಉಷ್ಣ’ ಎಂಬ ಹೆಸರಿನ ಕೆಳಗೆ ಹಸಿವು ಅಡಗಿದ್ದ ಕಾಲ ಅದು. ಆದರೆ ಎಲ್ಲ ಮನೆಮದ್ದಿಗೂ ಈ ಗೌರವ ಸಲ್ಲದು. ಆ ಸಂಜೆ ನೆರೆಮನೆಯ ಮುದುಕಿಯೊಬ್ಬರು ಬಿಳಿಗಾರವನ್ನು ಸುಟ್ಟು ಜೇನಿನಲ್ಲಿ ತೇದು ತಂದರು. ಒಂದು ಕಾಲದಲ್ಲಿ ದೊರೆಗಳ ಔಷಧಾಲಯದಲ್ಲೂ ಅದು ನಡೆಯುತ್ತಿದ್ದಿತು. ಬಿಳಿಗಾರ ಎಳೆಯ ಮೈಗೆ ವಿಷ. ಜೇನು ವರ್ಷ ತುಂಬದ ಕೂಸಿಗೆ ಅಪಾಯ. ಹಲ್ಲು ಬರುವಾಗ ಹಚ್ಚುವ ಮರಗಟ್ಟಿಸುವ ಮುಲಾಮುಗಳನ್ನೂ ಎರಡು ವರ್ಷದೊಳಗಿನವರಿಗೆ ಹಚ್ಚಬಾರದು. ಆ ಮುದುಕಿಯವರ ಮನಸ್ಸು ನೋಯದಂತೆ ಮಗಳು ಬಟ್ಟಲನ್ನು ತೆಗೆದುಕೊಂಡು ಒಳಗಿಟ್ಟು ಬಂದಳು.

ಆ ರಾತ್ರಿಯನ್ನು ನಾನು ಮರೆಯಲಾರೆ. ಮಗಳು ಗೋಡೆಗೆ ಒರಗಿ ಕುಳಿತಿದ್ದಾಳೆ. ತೊಡೆಯ ಮೇಲೆ ಮಗು. ಪಕ್ಕದಲ್ಲಿ ಗಡಿಯಾರ, ಲೋಟ, ಪಿಚಕಾರಿ. ಐದು ನಿಮಿಷಕ್ಕೊಂದು ಚಮಚ. ಅತ್ತೆಯವರು ಹಿಂದಿನ ದಿನ, ಕೂಸನ್ನು ಕಟ್ಟಿಕೊಂಡು ಜಾತ್ರೆಗೆ ಹೋಗಬೇಕಾಗಿತ್ತೆ ಎಂದು ಅವಳನ್ನು ಅಂದಿದ್ದರು. ಹೊತ್ತು ಹೋದವರು ಅವಳಲ್ಲವೆಂದು ಹೇಳುವ ಧೈರ್ಯ ನನಗೂ ಬರಲಿಲ್ಲ, ಹೊತ್ತವರಿಗೂ ಬರಲಿಲ್ಲ. ಹನ್ನೊಂದು ಗಂಟೆಗೆ ಬೀಗರು ತೋಟದಿಂದ ಎಳನೀರು ಕೆಡವಿ ತಂದು, ತಾವೇ ಕೊಚ್ಚಿ, ಸೊಸೆಯ ಮುಂದಿಟ್ಟು, “ನೀನು ಮಲಕ್ಕೊ ತಾಯಿ, ನಾನು ಹಾಕ್ತೀನಿ” ಎಂದು ಕೈಯೊಡ್ಡಿದರು. ಎತ್ತಿನ ದವಡೆಯನ್ನು ಬಿಡಿಸುವ ಆ ಒರಟು ಬೆರಳುಗಳು ಕೂಸಿನ ಕೆನ್ನೆಯ ಸಂದಿಗೆ ಪಿಚಕಾರಿಯ ತುದಿಯನ್ನು ಹೇಗೆ ಇಟ್ಟುವೆಂದರೆ ಮಗು ಎಚ್ಚರಗೊಳ್ಳದೆ ನುಂಗಿತು. ಎರಡು ಗಂಟೆಯ ಹೊತ್ತಿಗೆ ಅವರ ಪಂಚೆ ನೆನೆಯಿತು. ಮನೆಯವರನ್ನೆಲ್ಲ ಅವರು ಕೂಗಿ ಎಬ್ಬಿಸಿದರು!

ಮೂರನೆಯ ದಿನ ಮಗು ತಣ್ಣಗಿನ ರಾಗಿ ಅಂಬಲಿಯನ್ನು ಕುಡಿಯಿತು. ಐದನೆಯ ದಿನ ಗಿಲಕಿಗಾಗಿ ಹಟ ಮಾಡಿತು. ಅದನ್ನು ಮಗಳು ಸಾಬೂನಿನಲ್ಲಿ ತೊಳೆದು ಒಣಗಿಸಿಟ್ಟಿದ್ದಳು. ಈ ವೈರಸ್ಸಿಗೆ ಕೈಗೆ ಬಳಿಯುವ ಮದ್ಯಸಾರದ ದ್ರವ ಅಷ್ಟಾಗಿ ಹೆದರಿಸದು. ಸಾಬೂನು, ನೀರು, ಉಜ್ಜುವಿಕೆಯೇ ಬೇಕು. ಹುಣ್ಣು ಮಾಯ್ದ ಮೇಲೂ ಕೆಲವು ವಾರ ಅದು ಮಲದಲ್ಲಿ ಬರುತ್ತಿರುತ್ತದೆಯಾದ್ದರಿಂದ ಮಗುವನ್ನು ತೊಳೆದ ಕೈಯನ್ನು ತೊಳೆಯುವುದೇ ನೆರೆಹೊರೆಯ ಮಕ್ಕಳಿಗೆ ಮಾಡುವ ಉಪಕಾರ. ಹಾಲೆ ಮರದ ಆ ಗಿಲಕಿಗೆ ಚನ್ನಪಟ್ಟಣದವರು ಚರಕಿಯ ಮೇಲೆ ಅರಗಿನ ಬಣ್ಣವನ್ನು ಕರಗಿಸಿ ಕೂಡಿಸಿರುತ್ತಾರೆ; ನಾಲ್ಕು ಸಲ ತೊಳೆದರೂ ಅದರ ಹೊಳಪು ಹೋಗಿರಲಿಲ್ಲ. ಹುಳುಮನೆಯ ಬಾಗಿಲಲ್ಲಿದ್ದ ನೀರಿನ ತೊಟ್ಟಿಯಂತೆ ಇನ್ನೊಂದು ಈಗ ನಡುಮನೆಯ ಬಾಗಿಲಿಗೂ ಬಂದಿತು.

ಕಥೆ ಇಲ್ಲಿಗೆ ಮುಗಿಯಿತೆಂದುಕೊಂಡೆವು. ಮಾರ್ಚ್ ತಿಂಗಳಿನಲ್ಲಿ ಒಂದು ಮಧ್ಯಾಹ್ನ ಮಗಳಿಂದ ಕರೆ: ಮಗುವಿನ ಹೆಬ್ಬೆರಳಿನ ಉಗುರು ಬುಡದಿಂದ ಬಿಟ್ಟುಕೊಂಡು ಬಂದಿದೆ, ಮರುದಿನ ಇನ್ನೊಂದು. ಅವಳ ಧ್ವನಿಯಲ್ಲಿ ಆ ಹಳೆಯ ನಡುಕ. ನಾನು ಓದಿದ್ದೆನಾದ್ದರಿಂದ ಹೇಳಿದೆ: ಈ ರೋಗ ಬಂದುಹೋದ ಕೆಲವು ವಾರಕ್ಕೆ ಹೀಗೆ ಉಗುರು ಕಳಚುವುದುಂಟು, ನೋವಿಲ್ಲ, ತಾನಾಗಿ ಮತ್ತೆ ಬರುತ್ತದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾವನವರೂ ಹಾಗೇ ಹೇಳಿದರು. ಕಾಲುಬಾಯಿ ಆದ ಮೇಲೆ ಹಸುವಿನ ಗೊರಸೂ ಬಿದ್ದು ಬರುತ್ತಂತೆ” ಎಂದಳು. ಯುಗಾದಿಗೆ ಹೋದಾಗ ನೋಡಿದೆ. ಎಳೆಯ ಉಗುರು ಅರ್ಧ ಬೆಳೆದಿದ್ದಿತು. ಬೀಗರು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತುಟಿಯನ್ನು ಎತ್ತಿ ಹಲ್ಲು ಎಣಿಸುತ್ತಿದ್ದರು.